ಸರ್ವರ್ ಡ್ರೈವ್ ಮನೆಗೆ ಬಂತು, ಹಳೇ ಪಿಸಿ ಉಗ್ರಾಣ ಆಯ್ತು!

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 4 ಟಿಬಿ ಹಾರ್ಡ್‌ಡಿಸ್ಕ್ 2,500 ರೂಪಾಯಿಗೆ ಸಿಗುತ್ತೆ ಅಂದರೆ ನಂಬ್ತೀರಾ? ಕಳೆದ ವರ್ಷ ನಾನು ಕೊಟ್ಟಿದ್ದು ಇದೇ ಬೆಲೆ. ಹೊಸದಲ್ಲ. ಯಾವುದೋ ಕಂಪನಿಯ ಸರ್ವರ್‌ನಲ್ಲಿ ನಾಲ್ಕೈದು ವರ್ಷ ದುಡಿದು ನಿವೃತ್ತಿಯಾದ ಎಂಟರ್‌ಪ್ರೈಸ್ ಡ್ರೈವ್. ಅದೇ ಅಂಗಡಿಯಲ್ಲಿ ಹೊಸ 4 ಟಿಬಿ ಡ್ರೈವ್‌ಗೆ ಇದರ ಮೂರು ಪಟ್ಟಿಗಿಂತ ಜಾಸ್ತಿ ಹೇಳಿದರು.

ಇಷ್ಟು ಅಗ್ಗ ಯಾಕೆ? ಡ್ರೈವ್ ಕೆಟ್ಟಿದೆ ಅಂತಲ್ಲ. ಅದನ್ನು ಮನೆಯ ಕಂಪ್ಯೂಟರ್‌ಗೆ ಚುಚ್ಚೋಕೆ ಆಗಲ್ಲ, ಹಾಗಾಗಿ ಕೊಳ್ಳುವವರು ಕಡಿಮೆ. ಅದಕ್ಕೆ ಬೇರೆ ಕಾರ್ಡ್ ಬೇಕು, ಬೇರೆ ಕೇಬಲ್ ಬೇಕು, ಗಾಳಿ ಬೇಕು, ಸ್ವಲ್ಪ ತಾಳ್ಮೆ ಬೇಕು. ಇವಿಷ್ಟನ್ನು ಹೊಂದಿಸಿಕೊಂಡರೆ ಮೂಲೆಗೆ ಬಿದ್ದ ಹಳೇ ಡೆಸ್ಕ್‌ಟಾಪ್ ಇಡೀ ಕುಟುಂಬದ ಫೋಟೊ, ವಿಡಿಯೊ, ಸಿನಿಮಾಗಳ ಉಗ್ರಾಣ ಆಗುತ್ತೆ. ನಮ್ಮನೆಯಲ್ಲಿ ಆಗಿದೆ. ಹೇಗೆ ಅಂತ ಹೇಳ್ತೀನಿ. ಜೊತೆಗೆ, ಇಂಥ ಡ್ರೈವನ್ನು ಎಷ್ಟು ನಂಬಬೇಕು, ಎಲ್ಲಿ ನಂಬಬಾರದು ಅನ್ನೋದನ್ನೂ ಹೇಳ್ತೀನಿ. ನಿಜಕ್ಕೂ ಮುಖ್ಯವಾದದ್ದು ಅದೇ.

ಮೊದಲು ಲೆಕ್ಕ: ಏನನ್ನು ಉಳಿಸಬೇಕು?

ನಮ್ಮಪ್ಪನಿಗೆ ಯಕ್ಷಗಾನದ ಹುಚ್ಚು. 2003ರಿಂದ 2009ರವರೆಗೆ ಸಿದ್ದಾಪುರ ಸೀಮೆಯಲ್ಲಿ ನಡೆದ ಆರು ಆಟಗಳನ್ನು ಇಡೀ ರಾತ್ರಿ ಕೂತು ಕ್ಯಾಮ್‌ಕಾರ್ಡರ್‌ನಲ್ಲಿ ಚಿತ್ರೀಕರಿಸಿದ್ದಾರೆ. ಒಂದೊಂದು ಆಟಕ್ಕೆ ಏಳು ಟೇಪ್, ಒಟ್ಟು 42 ಮಿನಿ ಡಿವಿ ಟೇಪ್. ಅದರಲ್ಲಿ ಹಾಡಿದ ಭಾಗವತರು ಈಗಿಲ್ಲ, ಕುಣಿದವರಲ್ಲಿ ಹಲವರು ಇಲ್ಲ. ಆ ರಾತ್ರಿಗಳ ಬೇರೆ ದಾಖಲೆ ಎಲ್ಲೂ ಇಲ್ಲ.

ಮಿನಿ ಡಿವಿಯ ವಿಡಿಯೊ ಸೆಕೆಂಡಿಗೆ 25 ಮೆಗಾಬಿಟ್ ವೇಗದಲ್ಲಿ ದಾಖಲಾಗುತ್ತೆ. ಒಂದು ಗಂಟೆಯ ಟೇಪ್ ಕಂಪ್ಯೂಟರ್‌ಗೆ ಬಂದಾಗ ಸುಮಾರು 13 ಜಿಬಿ. ಅಂದರೆ 42 ಟೇಪಿಗೆ 546 ಜಿಬಿ. ಇದಕ್ಕೆ ತಂಗಿಯ ಮದುವೆಯ ಎಡಿಟ್ ಆಗದ ವಿಡಿಯೊ 380 ಜಿಬಿ ಸೇರಿಸಿ. ಮನೆಮಂದಿಯ ಫೋನುಗಳ ಫೋಟೊ, ವಿಡಿಯೊ 900 ಜಿಬಿ. ಗೂಗಲ್ ಫೋಟೋಸ್‌ನ ಲೆಕ್ಕವಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತ ಮೇಲೆ ಇದೆಲ್ಲ ಮೂರ್ನಾಲ್ಕು ಪೆನ್‌ಡ್ರೈವ್, ಪೋರ್ಟಬಲ್ ಡಿಸ್ಕ್‌ಗಳಲ್ಲಿ ಚದುರಿಹೋಗಿತ್ತು. ಒಟ್ಟು 1.8 ಟಿಬಿ. ಇದು ಹೋದರೆ ಮತ್ತೆ ಸಿಗಲ್ಲ.

ಇನ್ನು ಸಿನಿಮಾ, ಧಾರಾವಾಹಿ, ಹಾಡು, ನಮ್ಮದೇ ಡಿವಿಡಿಗಳ ನಕಲು ಸೇರಿ ಸುಮಾರು 3 ಟಿಬಿ. ಇದು ಹೋದರೆ ಬೇಜಾರು, ಆದರೆ ಮತ್ತೆ ಸಿಗುತ್ತೆ.

ಈ ಎರಡು ಪಟ್ಟಿ ಮಾಡದೆ ಯಾರೂ ಹಾರ್ಡ್‌ಡಿಸ್ಕ್ ಕೊಳ್ಳಬೇಡಿ ಅಂತೀನಿ ನಾನು. ಎಷ್ಟು ಟಿಬಿ ಬೇಕು ಅನ್ನೋದಕ್ಕಿಂತ, ಮತ್ತೆ ಸಿಗದೇ ಇರೋದು ಎಷ್ಟು ಟಿಬಿ ಅನ್ನೋದೇ ದೊಡ್ಡ ಪ್ರಶ್ನೆ.

285 ವರ್ಷ ಬಾಳುತ್ತಾ?

ಎಂಟರ್‌ಪ್ರೈಸ್ ಡ್ರೈವ್‌ಗಳ ಮಾಹಿತಿಪತ್ರ ನೋಡಿದರೆ ಬಾಯಲ್ಲಿ ನೀರು ಬರುತ್ತೆ. ದಿನದ 24 ಗಂಟೆ ಓಡಬಹುದು, ವರ್ಷಕ್ಕೆ 550 ಟಿಬಿ ಓದು-ಬರಹ ತಡೆಯುತ್ತೆ, 5 ವರ್ಷ ವಾರಂಟಿ. ಇವು ಈ ವರ್ಗದ ಹೊಸ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿಗಳು. ಸಾಲಾಗಿ ಇಟ್ಟ ಹತ್ತಾರು ಡ್ರೈವ್‌ಗಳ ಕಂಪನವನ್ನು ಸಹಿಸಿಕೊಂಡು ಓದುವ ಸೆನ್ಸರ್‌ಗಳೂ ಇರುತ್ತವೆ.

ಇನ್ನೊಂದು ಅಂಕಿ ಇದೆ: ಎಂಟಿಬಿಎಫ್ 25 ಲಕ್ಷ ಗಂಟೆ. ಭಾಗಿಸಿ ನೋಡಿದರೆ 285 ವರ್ಷ! ಹಾಗಂತ ನಿಮ್ಮ ಮರಿಮಕ್ಕಳವರೆಗೆ ಬರುತ್ತೆ ಅಂದ್ಕೋಬೇಡಿ. ಅದು ಒಂದು ಡ್ರೈವ್‌ನ ಆಯಸ್ಸಲ್ಲ, ಗುಂಪಿನ ಲೆಕ್ಕ. ವರ್ಷಕ್ಕೆ 8,760 ಗಂಟೆ. ಅದನ್ನು 25 ಲಕ್ಷದಿಂದ ಭಾಗಿಸಿದರೆ ಶೇ 0.35. ಅಂದರೆ ಸಾವಿರ ಹೊಸ ಡ್ರೈವ್ ಓಡಿಸಿದರೆ ಒಂದು ವರ್ಷದಲ್ಲಿ ಮೂರ್ನಾಲ್ಕು ಸಾಯಬಹುದು ಅನ್ನೋದು ತಯಾರಕರ ಅಂದಾಜು. ಲಕ್ಷಗಟ್ಟಲೆ ಡ್ರೈವ್ ಓಡಿಸುವ ಬ್ಯಾಕ್‌ಬ್ಲೇಜ್ ಕಂಪನಿ ತನ್ನ ಅಂಕಿಅಂಶವನ್ನು ನಿಯಮಿತವಾಗಿ ಪ್ರಕಟಿಸುತ್ತೆ. ಅಲ್ಲಿ ಇತ್ತೀಚಿನ ವರ್ಷಗಳಲ್ಲಿ ಕಾಣೋದು ವರ್ಷಕ್ಕೆ ಶೇ 1.5ರ ಆಸುಪಾಸು.

ಡೇಟಾ ಸೆಂಟರ್‌ನಲ್ಲಿ ಒಂದು ಡ್ರೈವ್ ಸತ್ತರೆ ಯಾರೂ ಅಳಲ್ಲ. ಅದರಲ್ಲಿದ್ದದ್ದು ಬೇರೆ ಕಡೆಗಳಲ್ಲೂ ಇರುತ್ತೆ. ಒಬ್ಬರು ಬಂದು ಹಳೇದನ್ನು ಎಳೆದು ಹೊಸದನ್ನು ಹಾಕಿ ಹೋಗ್ತಾರೆ, ಮುಗೀತು. ಅಲ್ಲಿ ಭರವಸೆ ಇರೋದು ಡ್ರೈವ್ ಮೇಲಲ್ಲ, ಸುತ್ತಲಿನ ವ್ಯವಸ್ಥೆ ಮೇಲೆ. ನಾವು ಎಸ್‌ಪಿ ರೋಡಿನಲ್ಲಿ ಕೊಳ್ಳೋದು ಡ್ರೈವನ್ನು ಮಾತ್ರ. ವ್ಯವಸ್ಥೆ ಅದರ ಜೊತೆ ಬರಲ್ಲ, ಅದನ್ನು ನಾವೇ ಕಟ್ಟಬೇಕು. ಮುಂದೆ ಹೇಳೋದೆಲ್ಲ ಈ ಕಟ್ಟುವ ಕೆಲಸವೇ.

ಚುಚ್ಚಿದರೆ ಕೂರಲ್ಲ, ಯಾಕೆ?

ಮನೆಯ ಪಿಸಿಯಲ್ಲಿರೋದು ಸಾಟಾ. ಸರ್ವರ್ ಡ್ರೈವ್‌ಗಳಲ್ಲಿ ಹೆಚ್ಚಿನವು ಸ್ಯಾಸ್, ಅಂದರೆ ಹಳೇ ಸ್ಕಸಿ ಮನೆತನದ ಕುಡಿ. ನೋಡೋಕೆ ಎರಡೂ ಅಣ್ಣತಮ್ಮ. ಸಾಟಾ ಡ್ರೈವ್‌ನ ಹಿಂಭಾಗ ನೋಡಿ. ಡೇಟಾಗೆ 7 ಪಿನ್‌ನ ಭಾಗ, ಪವರ್‌ಗೆ 15 ಪಿನ್‌ನ ಭಾಗ, ನಡುವೆ ಒಂದು ಸಂದು. ಸ್ಯಾಸ್ ಡ್ರೈವ್‌ನಲ್ಲಿ ಆ ಸಂದು ಮುಚ್ಚಿರುತ್ತೆ. ಅದರ ಹಿಂಬದಿಯಲ್ಲಿ ಇನ್ನೂ 7 ಪಿನ್ ಇರುತ್ತವೆ. ಒಂದು ದಾರಿ ಕೆಟ್ಟರೆ ಇನ್ನೊಂದು ದಾರಿಯಲ್ಲಿ ಸರ್ವರ್ ಮಾತಾಡಲಿ ಅಂತ ಕೊಟ್ಟ ಎರಡನೇ ಪೋರ್ಟ್ ಅದು.

ನಿಯಮ ಸರಳ. ಸ್ಯಾಸ್ ಕಂಟ್ರೋಲರ್‌ಗೆ ಸಾಟಾ ಡ್ರೈವ್ ಹಾಕಬಹುದು. ಸಾಟಾ ಪೋರ್ಟ್‌ಗೆ ಸ್ಯಾಸ್ ಡ್ರೈವ್ ಹಾಕೋಕೆ ಆಗಲ್ಲ. ಸಂದು ಮುಚ್ಚಿಸುವ ಅಗ್ಗದ ಅಡಾಪ್ಟರ್‌ಗಳು ಮಾರುಕಟ್ಟೆಯಲ್ಲಿವೆ. ಅವು ಆಕಾರವನ್ನು ಹೊಂದಿಸುತ್ತವೆಯೇ ಹೊರತು ಭಾಷೆಯನ್ನಲ್ಲ. ಸಾಟಾ ಕಂಟ್ರೋಲರ್‌ಗೆ ಸ್ಯಾಸ್ ಭಾಷೆ ಬರಲ್ಲ. ದುಡ್ಡು ದಂಡ.

ಸಾಮಾನ್ಯ ಯುಎಸ್‌ಬಿ ಡಬ್ಬಿಗೂ ಇದೇ ಮಾತು. 500 ರೂಪಾಯಿಯ ಯುಎಸ್‌ಬಿ ಡಾಕ್‌ನಲ್ಲಿ ಸ್ಯಾಸ್ ಡ್ರೈವ್ ಓಡಲ್ಲ.

ನಡುವೆ ಒಬ್ಬ ದುಭಾಷಿ: ಎಚ್‌ಬಿಎ ಕಾರ್ಡ್

ಇಲ್ಲಿ ಬೇಕಾಗೋದು ಹೋಸ್ಟ್ ಬಸ್ ಅಡಾಪ್ಟರ್, ಚಿಕ್ಕದಾಗಿ ಎಚ್‌ಬಿಎ. ಮನೆ ಬಳಕೆಗೆ ಬಹಳ ಜನ ಹಾಕಿಕೊಳ್ಳೋದು ಎಲ್‌ಎಸ್‌ಐ 9211-8ಐ ಅಥವಾ ಅದೇ ಚಿಪ್ ಇರುವ ಡೆಲ್ ಪರ್ಕ್ ಎಚ್310, ಐಬಿಎಂ ಎಂ1015. ಮೂರರಲ್ಲೂ ಸ್ಯಾಸ್2008 ಚಿಪ್ ಇದೆ. ಎಂಟು ಡ್ರೈವ್ ಜೋಡಿಸಬಹುದು, ಪಿಸಿಐಇ 2.0 ಎಂಟು ಲೇನ್. ನನಗೆ ಬಳಸಿದ ಕಾರ್ಡ್ 2,800 ರೂಪಾಯಿಗೆ ಸಿಕ್ಕಿತು. ಇದಕ್ಕೂ ಹಳೇ ಪೀಳಿಗೆಯ ಎಲ್‌ಎಸ್‌ಐ 1068ಇ ಕಾರ್ಡ್‌ಗಳು ಇನ್ನೂ ಅಗ್ಗ. ಆದರೆ ಅವು 2 ಟಿಬಿಗಿಂತ ದೊಡ್ಡ ಡ್ರೈವನ್ನು ಪೂರ್ತಿ ಬಳಸಲಾರವು, ಮುಟ್ಟಬೇಡಿ.

ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಒಂದೇ: ‘ಐಟಿ ಮೋಡ್‌ಗೆ ಫ್ಲ್ಯಾಶ್ ಆಗಿದೆಯಾ?’ ಈ ಕಾರ್ಡ್‌ಗಳು ಎರಡು ರೀತಿಯ ಫರ್ಮ್‌ವೇರ್‌ನಲ್ಲಿ ಓಡುತ್ತವೆ. ರೇಡ್ ಫರ್ಮ್‌ವೇರ್ ಇದ್ದರೆ ಕಾರ್ಡ್ ತಾನೇ ಡ್ರೈವ್‌ಗಳನ್ನು ಒಟ್ಟುಗೂಡಿಸಿ ಆಟ ಆಡುತ್ತೆ. ನಾಳೆ ಕಾರ್ಡ್ ಸತ್ತರೆ ಅದೇ ಬಗೆಯ ಕಾರ್ಡ್ ಹುಡುಕಿಕೊಂಡು ಅಲೆಯಬೇಕು. ಐಟಿ ಮೋಡ್‌ನಲ್ಲಿ ಕಾರ್ಡ್ ಬರೀ ದುಭಾಷಿ, ಒಂದೊಂದು ಡ್ರೈವನ್ನೂ ಇದ್ದ ಹಾಗೇ ಲಿನಕ್ಸ್‌ಗೆ ತೋರಿಸುತ್ತೆ. ಮನೆಗೆ ಇದೇ ಸರಿ.

ನನ್ನ ಪಿಸಿ 2014ರ ಕಾಲದ್ದು, ನಾಲ್ಕನೇ ಪೀಳಿಗೆಯ ಐ5, 8 ಜಿಬಿ ರ್‍ಯಾಮ್. ಗ್ರಾಫಿಕ್ಸ್ ಕಾರ್ಡ್ ಹಾಕುವ ಉದ್ದನೆಯ ಸ್ಲಾಟ್ ಖಾಲಿ ಇತ್ತು, ಎಚ್‌ಬಿಎ ಅಲ್ಲೇ ಕೂತಿತು. ಪರದೆಗೆ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸೇ ಸಾಕು. ಕೆಲವು ಡೆಸ್ಕ್‌ಟಾಪ್ ಬೋರ್ಡ್‌ಗಳು ಪರ್ಕ್ ಎಚ್310 ಹಾಕಿದರೆ ಆನ್ ಆಗೋದೇ ಇಲ್ಲ. ಗಾಬರಿ ಬೇಡ. ಕಾರ್ಡ್‌ನ ಅಂಚಿನ ಬಿ5, ಬಿ6 ಪಿನ್‌ಗಳ ಮೇಲೆ ಕ್ಯಾಪ್ಟಾನ್ ಟೇಪಿನ ಸಣ್ಣ ತುಂಡು ಅಂಟಿಸೋದು ಇದಕ್ಕೆ ಹೆಸರಾದ ಮದ್ದು.

ಕೇಬಲ್ ಹೆಸರು ನೆನಪಿಟ್ಟುಕೊಳ್ಳಿ: ಕಾರ್ಡ್ ಕಡೆ ಎಸ್‌ಎಫ್‌ಎಫ್-8087, ಡ್ರೈವ್ ಕಡೆ ನಾಲ್ಕು ಎಸ್‌ಎಫ್‌ಎಫ್-8482. ಒಂದು ತಲೆ, ನಾಲ್ಕು ಬಾಲ. ಇದಕ್ಕೆ 1,100 ರೂಪಾಯಿ ಆಯ್ತು.

ಆಮೇಲೆ ಗಾಳಿ. ಈ ಕಾರ್ಡ್‌ಗಳು ಸರ್ವರ್‌ನ ಜೋರು ಫ್ಯಾನ್‌ಗಳನ್ನೇ ನಂಬಿ ತಯಾರಾದವು. ಮೇಲೆ ಇರೋದು ಪುಟ್ಟ ಹೀಟ್‌ಸಿಂಕ್ ಮಾತ್ರ, ಫ್ಯಾನ್ ಇಲ್ಲ. ಡೆಸ್ಕ್‌ಟಾಪ್ ಡಬ್ಬಿಯ ತಣ್ಣನೆ ಮೌನದಲ್ಲಿ ಅದು ಮುಟ್ಟಿದರೆ ಸುಡುವಷ್ಟು ಬಿಸಿ ಆಗುತ್ತೆ. 300 ರೂಪಾಯಿಯ ಫ್ಯಾನ್ ಒಂದನ್ನು ಜಿಪ್ ಟೈನಲ್ಲಿ ಕಟ್ಟಿ ಕಾರ್ಡ್ ಮೇಲೆ ಗಾಳಿ ಬೀಳುವ ಹಾಗೆ ಮಾಡಿ. ಚೆಂದ ಕಾಣಲ್ಲ, ಆದರೆ ಡಬ್ಬಿ ಮುಚ್ಚಿದ ಮೇಲೆ ಯಾರು ನೋಡ್ತಾರೆ?

ಪವರ್: ಇಲ್ಲಿ ಉಳಿತಾಯ ಬೇಡ

7,200 ಸುತ್ತಿನ ಡ್ರೈವ್ ಓಡುತ್ತಿರುವಾಗ 7ರಿಂದ 10 ವ್ಯಾಟ್ ತಿನ್ನುತ್ತೆ ಅಷ್ಟೇ. ಆದರೆ ನಿಂತ ತಟ್ಟೆಯನ್ನು ತಿರುಗಿಸಲು ಶುರು ಮಾಡುವ ಕೆಲವು ಸೆಕೆಂಡು 12 ವೋಲ್ಟ್ ತಂತಿಯಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತೆ. ನಾಲ್ಕು ಡ್ರೈವ್ ಒಟ್ಟಿಗೆ ಎದ್ದರೆ 100 ವ್ಯಾಟ್ ಹತ್ತಿರ. ಹತ್ತು ವರ್ಷದ ಹಳೇ, ಹೆಸರಿಲ್ಲದ ಎಸ್‌ಎಂಪಿಎಸ್ ಇದ್ದರೆ ಬದಲಿಸಿ. ನಾನು 3,500 ರೂಪಾಯಿ ಕೊಟ್ಟು ಒಳ್ಳೇದೊಂದನ್ನು ಹಾಕಿದೆ. ನಾಲ್ಕೂ ಡ್ರೈವನ್ನು ಒಂದೇ ತಂತಿಗೆ ತೂಗುಹಾಕದೆ ಎರಡು ತಂತಿಗೆ ಹಂಚಿ.

ಸಾಟಾ ಎಂಟರ್‌ಪ್ರೈಸ್ ಡ್ರೈವ್ ತಂದವರು ಇನ್ನೊಂದು ವಿಚಿತ್ರ ನೋಡಬಹುದು. ಡ್ರೈವ್ ಚೆನ್ನಾಗಿದೆ, ಕೇಬಲ್ ಸರಿ ಇದೆ, ಆದರೂ ತಟ್ಟೆ ತಿರುಗಲ್ಲ. ಹೊಸ ಸಾಟಾ ನಿಯಮದಲ್ಲಿ ಪವರ್ ಕನೆಕ್ಟರ್‌ನ 3ನೇ ಪಿನ್‌ಗೆ ಹೊಸ ಕೆಲಸ ಬಂತು: ಅಲ್ಲಿ ವೋಲ್ಟೇಜ್ ಕಂಡರೆ ಡ್ರೈವ್ ಆಫ್ ಆಗಬೇಕು. ದೂರದಿಂದಲೇ ಡ್ರೈವನ್ನು ರೀಸೆಟ್ ಮಾಡಲು ಡೇಟಾ ಸೆಂಟರ್‌ಗೆ ಇದು ಬೇಕು. ಮನೆಯ ಎಸ್‌ಎಂಪಿಎಸ್ ಅದೇ ಪಿನ್‌ಗೆ 3.3 ವೋಲ್ಟ್ ಕೊಡುತ್ತಿದ್ದರೆ ಡ್ರೈವ್ ಏಳೋದೇ ಇಲ್ಲ. 3ನೇ ಪಿನ್ ಮೇಲೆ ಕ್ಯಾಪ್ಟಾನ್ ಟೇಪ್ ಹಾಕಿದರೆ ಎದ್ದು ಕೂರುತ್ತೆ. ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಅಡಾಪ್ಟರ್ ಹಾಕಿದರೂ ಆಗುತ್ತೆ. ಆದರೆ ಪ್ಲಾಸ್ಟಿಕ್ ಕರಗಿಸಿ ಅಚ್ಚು ಹೊಯ್ದ ಅಗ್ಗದ ಅಡಾಪ್ಟರ್‌ಗಳಲ್ಲಿ ಒಳಗೆ ತಂತಿ ತಾಗಿ ಸುಟ್ಟ ಉದಾಹರಣೆಗಳಿವೆ. ಟೇಪೇ ವಾಸಿ.

520 ಬೈಟ್‌ನ ಒಗಟು

ಡ್ರೈವ್ ಏಳುತ್ತೆ, ಲಿನಕ್ಸ್‌ಗೆ ಕಾಣುತ್ತೆ, ಆದರೆ ಗಾತ್ರ ಸೊನ್ನೆ ತೋರಿಸುತ್ತೆ ಅಥವಾ ಪಾರ್ಟಿಷನ್ ಮಾಡೋಕೆ ಬಿಡಲ್ಲ. ದೊಡ್ಡ ಸ್ಟೋರೇಜ್ ಪೆಟ್ಟಿಗೆಗಳಿಂದ ಬಂದ ಸ್ಯಾಸ್ ಡ್ರೈವ್‌ಗಳಲ್ಲಿ ಇದು ಮಾಮೂಲಿ. ನಮ್ಮ ಕಂಪ್ಯೂಟರ್‌ಗಳು ನಿರೀಕ್ಷಿಸೋದು 512 ಅಥವಾ 4,096 ಬೈಟ್‌ನ ಸೆಕ್ಟರ್. ಆ ಪೆಟ್ಟಿಗೆಗಳು ತಮ್ಮದೇ ತಪಾಸಣೆಯ ಗುರುತಿಗೆ 8 ಬೈಟ್ ಸೇರಿಸಿ 520 ಬೈಟ್ ಮಾಡಿಕೊಂಡಿರುತ್ತವೆ.

ಪರಿಹಾರ ಲಿನಕ್ಸ್‌ನ ಎಸ್‌ಜಿ3 ಯುಟಿಲ್ಸ್ ಎಂಬ ಉಚಿತ ಸಾಧನಗಳಲ್ಲಿದೆ. ಅದರ ಎಸ್‌ಜಿ ಫಾರ್ಮ್ಯಾಟ್ ಆಜ್ಞೆಗೆ ಸೆಕ್ಟರ್ ಗಾತ್ರ 512 ಅಂತ ಕೊಟ್ಟರೆ ಡ್ರೈವ್ ತನ್ನನ್ನು ತಾನೇ ಪೂರ್ತಿ ಹೊಸದಾಗಿ ಬರೆದುಕೊಳ್ಳುತ್ತೆ. 4 ಟಿಬಿಗೆ ಇಡೀ ರಾತ್ರಿ ಬೇಕು. ನಡುವೆ ಕರೆಂಟ್ ಹೋದರೆ ಡ್ರೈವ್ ಅರ್ಧಂಬರ್ಧ ಸ್ಥಿತಿಯಲ್ಲಿ ನಿಲ್ಲುತ್ತೆ, ಮತ್ತೆ ಮೊದಲಿನಿಂದ ಶುರು. ಹಾಗಾಗಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಹಳೇ ಕಂಪನಿಯ ಡೇಟಾ ಏನಾದರೂ ಉಳಿದಿದ್ದರೂ ಇದರಿಂದ ಅಳಿಸಿಹೋಗುತ್ತೆ. ಅದೂ ಒಳ್ಳೆಯದೇ.

ಎರಡೂವರೆ ದಿನದ ಅಗ್ನಿಪರೀಕ್ಷೆ

ಸೆಕೆಂಡ್‌ಹ್ಯಾಂಡ್ ಬೈಕ್ ಕೊಂಡರೆ ಒಂದು ಸುತ್ತು ಓಡಿಸಿ ನೋಡ್ತೀವಿ ತಾನೆ? ಡ್ರೈವ್‌ಗೂ ಅದೇ. ಅಂಗಡಿಯವರಿಂದ ಕನಿಷ್ಠ ಏಳು ದಿನದ ಬದಲಿ ಭರವಸೆ ಬರೆಸಿಕೊಳ್ಳಿ. ಯಾಕೆ ಏಳು ದಿನ ಅಂತ ಈಗ ಗೊತ್ತಾಗುತ್ತೆ.

ಮೊದಲು ಸ್ಮಾರ್ಟ್ ವರದಿ ತೆಗೆಯಿರಿ. ಸ್ಯಾಸ್ ಡ್ರೈವ್‌ನ ವರದಿ ಸಾಟಾ ಡ್ರೈವ್‌ನ ಹಾಗೆ ಇರಲ್ಲ. ನೋಡಬೇಕಾದ್ದು ಎರಡು ಸಾಲು: ಒಟ್ಟು ಓಡಿದ ಗಂಟೆ, ಮತ್ತು ‘ಗ್ರೋನ್ ಡಿಫೆಕ್ಟ್ ಲಿಸ್ಟ್’. ಎರಡನೆಯದು ಬಳಕೆಗೆ ಬಂದ ಮೇಲೆ ಕೆಟ್ಟ ಜಾಗಗಳ ಎಣಿಕೆ, ಸೊನ್ನೆ ಇರಬೇಕು. ನನ್ನ ನಾಲ್ಕೂ ಡ್ರೈವ್ 38 ಸಾವಿರ ಗಂಟೆ ದಾಟಿದ್ದವು, ಅಂದರೆ ನಾಲ್ಕು ವರ್ಷಕ್ಕೂ ಹೆಚ್ಚು. ಕೆಟ್ಟ ಜಾಗ ನಾಲ್ಕರಲ್ಲೂ ಸೊನ್ನೆ.

ಸೊನ್ನೆ ಇದೆ ಅಂತ ಅಲ್ಲಿಗೇ ನಿಲ್ಲಿಸಬಾರದು. ಬ್ಯಾಡ್‌ಬ್ಲಾಕ್ಸ್ ಅನ್ನೋ ಆಜ್ಞೆ ಇಡೀ ಡ್ರೈವ್ ತುಂಬ ನಾಲ್ಕು ಬೇರೆ ಬೇರೆ ಮಾದರಿ ಬರೆದು, ಪ್ರತಿ ಸಲ ಓದಿ ತಾಳೆ ನೋಡುತ್ತೆ. ನಾಲ್ಕು ಬರಹ, ನಾಲ್ಕು ಓದು. 4 ಟಿಬಿಗೆ ಸುಮಾರು 60 ಗಂಟೆ, ಎರಡೂವರೆ ದಿನ. ನಾಲ್ಕನ್ನೂ ಒಟ್ಟಿಗೆ ಹಚ್ಚಿ ಆಫೀಸಿಗೆ ಹೋದೆ. ಮೂರು ಪಾಸಾದವು. ನಾಲ್ಕನೆಯದರ ಕೆಟ್ಟ ಜಾಗದ ಎಣಿಕೆ ಸೊನ್ನೆಯಿಂದ 212ಕ್ಕೆ ಏರಿತ್ತು. ಅಂಗಡಿಯವರು ವರದಿ ನೋಡಿ ತಕರಾರಿಲ್ಲದೆ ಬೇರೆ ಕೊಟ್ಟರು. ಅದಕ್ಕೂ ಮತ್ತೆ ಎರಡೂವರೆ ದಿನ. ಈಗ ಅರ್ಥ ಆಯ್ತಲ್ಲ ಏಳು ದಿನ ಯಾಕೆ ಅಂತ.

ಗಂಟೆಗಳ ಎಣಿಕೆಯನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. 2025ರ ಆರಂಭದಲ್ಲಿ ಜರ್ಮನಿಯಲ್ಲಿ ಬಳಸಿದ ಸೀಗೇಟ್ ಎಕ್ಸೋಸ್ ಡ್ರೈವ್‌ಗಳ ಸ್ಮಾರ್ಟ್ ದಾಖಲೆ ಅಳಿಸಿ ಹೊಸದೆಂದು ಮಾರಿದ್ದು ದೊಡ್ಡ ಸುದ್ದಿಯಾಯಿತು. ಡ್ರೈವ್‌ನ ಒಳಗೇ ಇರುವ ಫಾರ್ಮ್ ಎಂಬ ಇನ್ನೊಂದು ದಾಖಲೆಯಿಂದ ಮೋಸ ಬಯಲಾಯಿತು. ಸೀಗೇಟ್ ಡ್ರೈವ್ ಕೊಂಡಿದ್ದರೆ ಸ್ಮಾರ್ಟ್ ಸಾಧನದ ಹೊಸ ಆವೃತ್ತಿಯಲ್ಲಿ ಫಾರ್ಮ್ ದಾಖಲೆಯನ್ನೂ ತೆಗೆದು ಹೋಲಿಸಿ.

ಯಾವ ಸಾಫ್ಟ್‌ವೇರ್?

ನಾನು ಹಾಕಿದ್ದು ಓಪನ್ ಮೀಡಿಯಾ ವಾಲ್ಟ್. ಡೆಬಿಯನ್ ಲಿನಕ್ಸ್ ಆಧಾರದ್ದು, ಉಚಿತ, ಬ್ರೌಸರ್‌ನಲ್ಲೇ ಎಲ್ಲ ಹೊಂದಿಸಬಹುದು. ಅದರ ಮೇಲೆ ಸ್ನ್ಯಾಪ್‌ರೇಡ್ ಮತ್ತು ಮರ್ಜರ್‌ಎಫ್‌ಎಸ್. ಮೂರು ಡ್ರೈವ್‌ನಲ್ಲಿ ಡೇಟಾ, ನಾಲ್ಕನೆಯದರಲ್ಲಿ ಪ್ಯಾರಿಟಿ. 12 ಟಿಬಿ ಜಾಗ ಒಂದೇ ಫೋಲ್ಡರ್‌ನ ಹಾಗೆ ಕಾಣುತ್ತೆ. ಒಂದು ಡ್ರೈವ್ ಸತ್ತರೆ ಪ್ಯಾರಿಟಿಯಿಂದ ವಾಪಸ್ ಕಟ್ಟಬಹುದು. ದುರದೃಷ್ಟಕ್ಕೆ ಎರಡು ಸತ್ತರೂ ಉಳಿದ ಡ್ರೈವ್‌ನಲ್ಲಿರೋ ಫೈಲುಗಳು ಹಾಗೇ ಓದೋಕೆ ಸಿಗುತ್ತವೆ, ಎಲ್ಲವೂ ಒಟ್ಟಿಗೆ ಹೋಗಲ್ಲ.

ಒಂದು ಮಿತಿ ಇದೆ. ಸ್ನ್ಯಾಪ್‌ರೇಡ್ ಪ್ಯಾರಿಟಿಯನ್ನು ಆ ಕ್ಷಣಕ್ಕೇ ಬರೆಯಲ್ಲ, ನಾವು ಹೇಳಿದ ಹೊತ್ತಿಗೆ ಬರೆಯುತ್ತೆ. ದಿನವಿಡೀ ಬದಲಾಗುವ ಡೇಟಾಬೇಸ್‌ಗೆ ಇದು ಸರಿಯಲ್ಲ. ಒಮ್ಮೆ ಹಾಕಿ ನೂರು ಸಲ ನೋಡುವ ಫೋಟೊ, ಸಿನಿಮಾಕ್ಕೆ ಇದು ಹೇಳಿ ಮಾಡಿಸಿದ್ದು.

ಟಿವಿಯಲ್ಲಿ ನೋಡೋಕೆ ಜೆಲ್ಲಿಫಿನ್ ಇದೆ. ವೇಗದ ಚಿಂತೆ ಬೇಡ. 4ಕೆ ಬ್ಲೂರೇ ಡಿಸ್ಕ್‌ನ ಗರಿಷ್ಠ ವೇಗ ಸೆಕೆಂಡಿಗೆ 128 ಮೆಗಾಬಿಟ್, ಅಂದರೆ 16 ಮೆಗಾಬೈಟ್. ಹಳೇ ಡ್ರೈವ್ ಒಂದೇ ಇದರ ಹತ್ತು ಪಟ್ಟಿನ ಹತ್ತಿರ ಕೊಡುತ್ತೆ. ಗಿಗಾಬಿಟ್ ನೆಟ್‌ವರ್ಕ್ ಸೆಕೆಂಡಿಗೆ 110 ಮೆಗಾಬೈಟ್‌ನಷ್ಟು ಸಾಗಿಸುತ್ತೆ. ಹಾಗಾಗಿ 12 ಗಿಗಾಬಿಟ್ ಸ್ಯಾಸ್ ಕಾರ್ಡ್ ಅಂತ ಹೆಚ್ಚು ದುಡ್ಡು ಸುರಿಯೋದರಲ್ಲಿ ಅರ್ಥ ಇಲ್ಲ. ನಾಲ್ಕನೇ ಪೀಳಿಗೆಯ ಪ್ರೊಸೆಸರ್‌ನ ಗ್ರಾಫಿಕ್ಸ್‌ಗೆ ಎಚ್‌ಇವಿಸಿ ವಿಡಿಯೊ ಬಿಡಿಸೋಕೆ ಬರಲ್ಲ ಅನ್ನೋದು ಮಾತ್ರ ನೆನಪಿರಲಿ. ಟಿವಿಯೇ ಅದನ್ನು ನೇರವಾಗಿ ಓದುವಂತಿದ್ದರೆ ತೊಂದರೆ ಇಲ್ಲ.

ಸದ್ದು ಮತ್ತು ಕರೆಂಟ್ ಬಿಲ್

ಈ ಡ್ರೈವ್‌ಗಳು ಮನುಷ್ಯರಿಲ್ಲದ ಕೋಣೆಗೆ ತಯಾರಾದವು. ಕರಕರ ಸದ್ದು ಜೋರು. ‘ಒಳಗೆ ಇಲಿ ಹೊಕ್ಕಿದೆಯೇನೋ’ ಅಂತ ಅಮ್ಮ ಎರಡು ಸಲ ಬಗ್ಗಿ ನೋಡಿದರು. ಸ್ಕ್ರೂಗಳಿಗೆ ರಬ್ಬರ್ ವಾಷರ್ ಹಾಕಿ, ಪಿಸಿಯನ್ನು ಹಾಲ್‌ನಿಂದ ಯುಟಿಲಿಟಿ ಪಕ್ಕದ ಕಪಾಟಿಗೆ ಸಾಗಿಸಿದ ಮೇಲೆ ಶಾಂತಿ. ಮಲಗುವ ಕೋಣೆಯಲ್ಲಿ ಇಡೋ ಯೋಚನೆ ಇದ್ದರೆ ಬಿಟ್ಟುಬಿಡಿ.

ಕರೆಂಟ್? ಪ್ಲಗ್ ಮೀಟರ್ ಹಾಕಿ ನೋಡಿದೆ, ಎಲ್ಲ ಸೇರಿ 68 ವ್ಯಾಟ್. ದಿನವಿಡೀ ಓಡಿಸಿದರೆ ತಿಂಗಳಿಗೆ 49 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೂ 343 ರೂಪಾಯಿ. ಗೃಹಜ್ಯೋತಿಯಲ್ಲಿರುವ ಮನೆಯವರು ಇದನ್ನು ಗಮನಿಸಲೇಬೇಕು. ತಿಂಗಳಿಗೆ 160 ಯೂನಿಟ್ ಬಳಸುವ ಮನೆ ಇದರಿಂದ 200 ದಾಟುತ್ತೆ, ಆಮೇಲೆ ಇಡೀ ಬಿಲ್ ನಾವೇ ಕಟ್ಟಬೇಕು. ನಮ್ಮ ಸರ್ವರ್ ಸಂಜೆ 6ಕ್ಕೆ ತಾನೇ ಏಳುತ್ತೆ, ರಾತ್ರಿ 11ಕ್ಕೆ ಪ್ಯಾರಿಟಿ ಬರೆದು ಮಲಗುತ್ತೆ. ತಿಂಗಳಿಗೆ 10 ಯೂನಿಟ್ ಅಷ್ಟೇ. ಮನೆಯ ಟಿವಿಗೆ ಡೇಟಾ ಸೆಂಟರ್‌ನ ಹಾಗೆ 24 ಗಂಟೆಯ ಸೇವೆ ಯಾಕೆ ಬೇಕು ಹೇಳಿ?

ಮನೆಯ ಇನ್ವರ್ಟರ್ ಇದ್ದರೆ ಅದನ್ನು ಯುಪಿಎಸ್ ಮೋಡ್‌ನಲ್ಲಿ ಇಡಿ. ಇಲ್ಲವಾದರೆ ಪುಟ್ಟ ಯುಪಿಎಸ್ ಒಂದು ಇರಲಿ.

ಇಷ್ಟೆಲ್ಲ ಆದ ಮೇಲೂ ಇದು ಬ್ಯಾಕಪ್ ಅಲ್ಲ

ಪ್ಯಾರಿಟಿ ಇದೆ, ಪರೀಕ್ಷೆ ಆಗಿದೆ, ಇನ್ನೇನು ಭಯ ಅಂತ ಕೇಳಬಹುದು. ಯಾರೋ ಫೋಲ್ಡರ್ ಡಿಲೀಟ್ ಮಾಡಿದರೆ? ಸಿಡಿಲು ಬಡಿದು ನಾಲ್ಕೂ ಒಟ್ಟಿಗೆ ಸುಟ್ಟರೆ? ಕಳ್ಳ ಡಬ್ಬಿಯನ್ನೇ ಹೊತ್ತುಕೊಂಡು ಹೋದರೆ? ರೇಡ್, ಪ್ಯಾರಿಟಿ ಇವೆಲ್ಲ ಡ್ರೈವ್ ಸಾವಿಗೆ ಮದ್ದು, ಉಳಿದ ಅನಾಹುತಗಳಿಗಲ್ಲ. ನಾಲ್ಕೂ ಒಂದೇ ವಯಸ್ಸಿನ, ಒಂದೇ ಸರ್ವರ್‌ನಲ್ಲಿ ದುಡಿದ ಡ್ರೈವ್‌ಗಳು ಅನ್ನೋದನ್ನೂ ಮರೆಯಬಾರದು.

ಇದಕ್ಕೆ ಛಾಯಾಗ್ರಾಹಕರ ವಲಯದಿಂದ ಬಂದ 3-2-1 ಸೂತ್ರ ಇದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಊರಲ್ಲಿ. ಇಲ್ಲೇ ಮೊದಲು ಮಾಡಿದ ಪಟ್ಟಿ ಕೆಲಸಕ್ಕೆ ಬರೋದು. ನಮ್ಮ 12 ಟಿಬಿ ಉಗ್ರಾಣದಲ್ಲಿ ಮತ್ತೆ ಸಿಗದೇ ಇರೋದು 1.8 ಟಿಬಿ ಮಾತ್ರ. ಎಲ್ಲಕ್ಕೂ ಮೂರು ಪ್ರತಿ ಮಾಡೋಕೆ ಹೋದರೆ ಜೇಬು ಹರಿಯುತ್ತೆ. 1.8 ಟಿಬಿಗೆ ಮಾಡೋದು ಕಷ್ಟ ಅಲ್ಲ.

ಒಂದು ಪ್ರತಿ ಬೆಂಗಳೂರಿನ ಈ ಸರ್ವರ್‌ನಲ್ಲಿ. ಎರಡನೆಯದು 9,500 ರೂಪಾಯಿಯ ಹೊಸ 4 ಟಿಬಿ ಪೋರ್ಟಬಲ್ ಡಿಸ್ಕ್‌ನಲ್ಲಿ, ಊರಿನ ಬೀರುವಿನಲ್ಲಿ. ಮಲೆನಾಡಿನ ಮಳೆಗಾಲ ನೋಡಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟಿದ್ದೇವೆ. ಮೂರನೆಯದು ಮೊದಲೇ ಇದ್ದ 2 ಟಿಬಿ ಪೋರ್ಟಬಲ್‌ನಲ್ಲಿ, ಮೈಸೂರಿನ ತಂಗಿ ಮನೆಯಲ್ಲಿ. ಬೇರೆ ಊರಿನ ಎರಡೂ ಯುಎಸ್‌ಬಿ ಡಿಸ್ಕ್ ಆಗಿರೋದು ಬೇಕಂತಲೇ. ನಾಳೆ ನಾನು ಊರಲ್ಲಿ ಇಲ್ಲದಿದ್ದರೂ ಅಪ್ಪ ಅದನ್ನು ಯಾವುದೇ ಲ್ಯಾಪ್‌ಟಾಪ್‌ಗೆ ಚುಚ್ಚಿ ತೆರೆಯಬಹುದು. ಸ್ಯಾಸ್ ಡ್ರೈವ್ ಅವರ ಕೈಗೆ ಕೊಟ್ಟರೆ ಅದು ಬರೀ ಕಬ್ಬಿಣದ ತುಂಡು.

ದೀಪಾವಳಿ, ಯುಗಾದಿಗೆ ಊರಿಗೆ ಹೋದಾಗ ಹೊಸದನ್ನು ಸೇರಿಸಿ, ಹಳೇ ಫೈಲು ನಾಲ್ಕನ್ನು ತೆರೆದು ನೋಡಿ ಬರ್ತೀನಿ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಯಾರಿಗೆ ಬೇಡ?

ಒಟ್ಟು ಖರ್ಚು ಹೇಳಿಬಿಡ್ತೀನಿ. ನಾಲ್ಕು ಡ್ರೈವ್ 10,000, ಕಾರ್ಡ್ 2,800, ಕೇಬಲ್ 1,100, ಎಸ್‌ಎಂಪಿಎಸ್ 3,500, ಫ್ಯಾನ್ 300. ಸೇರಿ 17,700. ಊರಿನ ಡಿಸ್ಕ್ ಸೇರಿದರೆ 27,200 ರೂಪಾಯಿ. ಬೆಲೆಗಳು ತಿಂಗಳಿಗೊಮ್ಮೆ ಏರಿಳಿಯುತ್ತವೆ, ಕೊಳ್ಳುವ ಮುನ್ನ ನಾಲ್ಕು ಅಂಗಡಿ ಸುತ್ತಿ.

ನಿಮ್ಮ ಬಳಿ ಇರೋದು 2 ಟಿಬಿಗಿಂತ ಕಡಿಮೆ ಅಂದರೆ ಇದ್ಯಾವುದೂ ಬೇಡ. ಎರಡು ಹೊಸ ಪೋರ್ಟಬಲ್ ಡಿಸ್ಕ್ ತಗೊಂಡು ಎರಡರಲ್ಲೂ ಒಂದೇ ಡೇಟಾ ಇಟ್ಟು, ಒಂದನ್ನು ಊರಿಗೆ ಕಳಿಸಿ. ಚಿಕ್ಕ ಮನೆ, ಸದ್ದು ಸಹಿಸೋಕೆ ಆಗಲ್ಲ ಅನ್ನೋರಿಗೂ ಇದು ಬೇಡ. ಲಿನಕ್ಸ್ ಕಂಡರೆ ಓಡುವವರಿಗೆ ರೆಡಿಮೇಡ್ ನ್ಯಾಸ್ ಪೆಟ್ಟಿಗೆಗಳಿವೆ. ಆದರೆ 5 ಟಿಬಿ ದಾಟಿದೆ, ಹಳೇ ಪಿಸಿ ಇದೆ, ಒಂದು ವಾರಾಂತ್ಯ ಕೈ ಕೊಳೆ ಮಾಡಿಕೊಳ್ಳೋ ಮನಸ್ಸಿದೆ ಅಂದರೆ, ನಿವೃತ್ತ ಸರ್ವರ್ ಡ್ರೈವ್‌ಗಿಂತ ಒಳ್ಳೇ ವ್ಯಾಪಾರ ಸಿಗೋದು ಕಷ್ಟ.

ಕಳೆದ ಯುಗಾದಿಗೆ ಊರಿನ ಭಾಗವತರ ಮೊಮ್ಮಗ ಮನೆಗೆ ಬಂದಿದ್ದ. ಈಗ ಅವನೂ ಭಾಗವತಿಕೆ ಕಲೀತಿದ್ದಾನೆ. ಅಜ್ಜ ಹಾಡಿದ್ದನ್ನು ಅವನು ನೇರವಾಗಿ ಕೇಳಿರಲಿಲ್ಲ. ಅಪ್ಪ ಬೀರುವಿನಿಂದ ಡಿಸ್ಕ್ ತೆಗೆದು 2006ರ ಒಂದು ಆಟದ ಏಳೂ ಭಾಗಗಳನ್ನು ಅವನ ಲ್ಯಾಪ್‌ಟಾಪ್‌ಗೆ ಹಾಕಿಕೊಟ್ಟರು. 91 ಜಿಬಿ. ಅಂದರೆ ಆ ಆಟಕ್ಕೆ ಈಗ ನಾಲ್ಕನೇ ಪ್ರತಿಯೂ ಇದೆ.